ಏಳು ಗಂಟೆಯ ಲೈವ್, ಹುಮನಾಬಾದಿನ ಹುಡುಗ

"ತಗೋರಿ ನಿಮ್ಮ ಡಬ್ಬಿ! ನೀವೇ ಇದಕ್ಕ ಊದಿನಕಡ್ಡಿ ಹಚ್ಚಿ ಪೂಜಾ ಮಾಡ್ಕೋತ ಕುಂದರ್ರಿ!"

ವೈರು ಜೋತಾಡುತ್ತಿದ್ದ ಕಪ್ಪು ರೂಟರ್ ಕೌಂಟರಿನ ಮೇಲೆ ಧಡ್ಡನೆ ಬಿತ್ತು. ಹುಮನಾಬಾದಿನ ಕಡಕ್ ಫೈಬರ್ ಆಫೀಸಿನಲ್ಲಿ ಬಿಲ್ ಕಟ್ಟಲು ನಿಂತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಕೌಂಟರಿನ ಆಚೆ ಕುಳಿತಿದ್ದ ನೀಲಿ ಶರ್ಟಿನ ಯುವಕ ತಲೆ ಎತ್ತಿದ. ಎತ್ತಿದವನು ಹಾಗೇ ಉಳಿದ!

ಬಸ್ಸಿನ ಗಾಳಿಗೆ ಕೆದರಿದ ಕೂದಲು, ಸಿಟ್ಟಿಗೆ ಕೆಂಪಾದ ಮೂಗು, ಬೆವರಿಗೆ ಅರ್ಧ ಕರಗಿದ ವಿಭೂತಿ... ಈ ಮುಖ ಅವನಿಗೆ ಗೊತ್ತಿತ್ತು. ದಿನಾ ಸಂಜೆ ಏಳಕ್ಕೆ ಅವನ ಫೋನಿನಲ್ಲಿ ಮೂಡುವ ಮುಖ!

"ಏನ್ ನೋಡಾಕತ್ತೀರಿ? ಮಾತಾಡ್ರಿ!"

"ನೀವು... ಬಸವಕಲ್ಯಾಣದ ಸೀರಿ ಲೈವ್ ವಿದ್ಯಾವತಿ ಮೇಡಂ ಅಲ್ರೀ?"

"ಹೌದ್ರಿ! ನಿನ್ನೆ ಲೈವ್‌ನ್ಯಾಗ ಬಾಯಿ ತಕ್ಕೊಂಡು ನಿಂತಾಕಿ ನಾನೇ! ಇರಕಲ್ ಸೀರಿ ಕೈಯಾಗ ಹಿಡ್ದು 'ಇದರ ರೇಟು...' ಅಂದೆ. ಅಷ್ಟೇ. ಚಿತ್ರ ಅಲ್ಲೇ ಹೆಪ್ಪುಗಟ್ತು. ಲಾತೂರದ ಗಿರಾಕಿಯೊಬ್ಬಾಕಿ ಅದನ್ನ ಸ್ಟಿಕರ್ ಮಾಡಿ ನಂಗೇ ಕಳಿಸ್ಯಾಳ!"

ಸಾಲಿನಲ್ಲಿದ್ದ ಮುದುಕನೊಬ್ಬ ಕಿಸಕ್ಕನೆ ನಕ್ಕ. ಯುವಕ ತುಟಿ ಕಚ್ಚಿಕೊಂಡ.

"ನಗಬ್ಯಾಡ್ರಿ!"

"ಇಲ್ರಿ, ನಾ ಎಲ್ಲಿ ನಕ್ಕೆ..." ಅವನ ತುಟಿಯ ಅಂಚು ಮಾತ್ರ ಮಾತು ಕೇಳಲಿಲ್ಲ. ತಟ್ಟನೆ ಕಂಪ್ಯೂಟರಿನತ್ತ ತಿರುಗಿದ. "ನಿಮ್ಮ ಕೋಟಾ ಮುಗಿದದ್ರಿ ಮೇಡಂ. ತಿಂಗಳಿಗೆ ಎಂಟುನೂರು ಜಿಬಿ ದಾಟಿತಂದ್ರ ಸ್ಪೀಡ್ ತಾನಾಗೇ ಇಳೀತದ."

"ಕೋಟಾ? ಯಾವ ಕೋಟಾ? ನಿಮ್ಮ ಬೆನ್ನ ಹಿಂದ ಏನ್ ಬರ್ದದ, ಓದ್ರಿ!"

ಓದುವ ಅಗತ್ಯವಿರಲಿಲ್ಲ. ಗೋಡೆಯ ಅರ್ಧ ಭಾಗ ಅದೇ ಬೋರ್ಡು. ಅನ್‌ಲಿಮಿಟೆಡ್! ಸ್ಪೀಡ್ ಡಬಲ್! ರೇಟ್ ಅದೇ!

ಕೆಳಗೆ, ಮೂಲೆಯ ನಕ್ಷತ್ರದ ಗುರುತಿನ ಪಕ್ಕದಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಆ ಎಂಟುನೂರು ಅಡಗಿ ಕುಳಿತಿತ್ತು. ಸುಳ್ಳಿಗೆ ಗೋಡೆಯಷ್ಟು ಜಾಗ, ನಿಜಕ್ಕೆ ಇರುವೆಯಷ್ಟು! ಇವರ ವ್ಯಾಪಾರವೇ ಹೀಗೆ.

"ನಿಮ್ಮನಿ ಲೈನ್ ಹಗಲೂ ರಾತ್ರಿ ನಡದೇ ಅದರಿ..." ಅವನು ಮೆಲ್ಲಗೆ ಹೇಳಿದ. "ಯಾರೋ ಒಂದ್ ಗಳಿಗಿನೂ ಬಂದ್ ಮಾಡಂಗಿಲ್ಲ ಅನಸ್ತದ."

"ನಾವು ಇರೋದೇ ಮೂರು ಮಂದಿ. ನಾ ಮಾಡೋದು ಒಂದು ತಾಸು ಲೈವ್. ಅಂದ್ರ ನಾ ಸುಳ್ಳು ಹೇಳಾಕತ್ತೇನಿ ಅಂತೀರಿ?"

"ಹಂಗಲ್ರಿ... ನಾನೇ ನಾಳೆ ಬಂದು ನೋಡ್ತೀನಿ. ನನ್ನ ಹೆಸರು ಗೋವರ್ಧನ."

"ಬರ್ರಿ! ಆದ್ರ ಕಳ್ಳರನ್ನ ಮೊದ್ಲು ನಿಮ್ಮ ಕಂಪನ್ಯಾಗ ಹುಡುಕ್ರಿ!"

ರಭಸದಿಂದ ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, ರೂಟರನ್ನು ಎತ್ತಿ ಎದೆಗವಚಿಕೊಂಡಳು.

ಏಳಕ್ಕೆ ಲೈವ್ ಇತ್ತಲ್ಲ!

ಈ ಸಲ ಗೋವರ್ಧನ ನಿಜವಾಗಿಯೂ ನಕ್ಕ. ಆ ನಗು ಬಸ್ಸು ಹತ್ತಿದ ಮೇಲೂ ಅವಳ ಬೆನ್ನಿಗಂಟಿಕೊಂಡೇ ಬಂತು...

*

ಬಸವಕಲ್ಯಾಣದ ಬಜಾರಿನಲ್ಲಿ ಬಸವಣಪ್ಪನವರ ಮನೆಯ ಮುಂದಿನ ಸೀರೆ ಅಂಗಡಿ ಹಳೆಯದು. ಆದರೆ ಊರಿನ ಹೆಣ್ಣುಮಕ್ಕಳು ಈಗ ಸೀರೆಗೆ ಕಲಬುರಗಿಗೆ ಹೋಗುತ್ತಾರೆ, ಇಲ್ಲವೇ ಬೆರಳ ತುದಿಯಲ್ಲಿ ತರಿಸಿಕೊಳ್ಳುತ್ತಾರೆ. ಮುಚ್ಚುವ ಹಂತಕ್ಕೆ ಬಂದ ಅಂಗಡಿಯನ್ನು ಒಂದು ಫೋನು, ಒಂದು ದುಂಡು ಲೈಟು ಹಿಡಿದು ಎತ್ತಿ ನಿಲ್ಲಿಸಿದವಳು ಮಗಳು ವಿದ್ಯಾವತಿ. ಸೊಲ್ಲಾಪುರ, ಲಾತೂರ, ಪುಣೆ... ಎಲ್ಲೆಲ್ಲೋ ಇರುವ ನಮ್ಮ ಭಾಗದ ಹೆಣ್ಣುಮಕ್ಕಳು ಅವಳ ಲೈವ್‌ಗೆ ಕಾದು ಕೂರುತ್ತಿದ್ದರು.

ಕಂಪನಿಯವರು "ಸ್ಪೀಡ್ ಡಬಲ್" ಮಾಡಿದ ದಿನದಿಂದ ಶುರುವಾಯಿತು ನೋಡಿ ಗ್ರಹಚಾರ. ತಿಂಗಳ ಅರ್ಧಕ್ಕೇ ಲೈವ್ ತೆವಳತೊಡಗಿತು.

"ಪಂಚಮಿ ತನಕ ನೋಡ್ತೀನಿ," ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. "ಪಂಚಮಿ ವ್ಯಾಪಾರನೂ ಹಿಂಗೇ ಕೆಟ್ರ ಈ ಫೋನಿನ ನಾಟಕ ಬಂದ್. ಅಂಗಡಿ ಬಾಡಿಗಿಗೆ ಕೊಟ್ಟು ಸುಮ್ಮ ಕುಂದರ್ತೀನಿ."

ನಾಟಕ! ತನ್ನ ದುಡಿಮೆಗೆ ಅಪ್ಪ ಇಟ್ಟ ಹೆಸರು ಅದು.

ಮರುದಿನ ಗೋವರ್ಧನ ಬಂದಾಗ ಅವಳು ಮಾಳಿಗೆಯಲ್ಲಿ ಸೀರೆಗಳಿಗೆ ಪಿನ್ನು ಹಚ್ಚುತ್ತಿದ್ದಳು. ಅವನು ವೈರಿನ ಜಾಡು ಹಿಡಿದು ಒಳಕೋಣೆಗೆ ಹೋದ. ಅಲ್ಲೊಂದು ಟಿವಿ. ಮೇಲೆ ಮಡಿಕೆ ಮುರಿಯದ ಬಿಳಿ ವಸ್ತ್ರ ಹೊದಿಸಿತ್ತು. ಸದ್ದಿಲ್ಲ. ಮುಟ್ಟಿ ನೋಡಿದ. ಸುಡುತ್ತಿದೆ!

ವಸ್ತ್ರದ ತುದಿ ಎತ್ತಿದ. ಒಳಗೆ ಸ್ವಾಮಿಗಳೊಬ್ಬರು ಕೈ ಎತ್ತಿ, ನಗುತ್ತಾ, ಪ್ರವಚನ ಹೇಳುತ್ತಲೇ ಇದ್ದರು. ಕೊರಳ ರುದ್ರಾಕ್ಷಿ ಎಣಿಸಬಹುದಾದಷ್ಟು ಸ್ಪಷ್ಟ ಚಿತ್ರ. ದನಿ ಮಾತ್ರ ಪೂರ್ತಿ ಬಂದ್.

"ತಮ್ಮಾ! ಆರಸಬ್ಯಾಡೋ!" ಜೋಳದ ಹಿಟ್ಟಿನ ಕೈಯಲ್ಲೇ ಓಡಿ ಬಂದರು ಭಾಗಮ್ಮ, ವಿದ್ಯಾವತಿಯ ತಾಯಿ.

"ಯಾರೂ ನೋಡವಲ್ರು, ಯಾರೂ ಕೇಳವಲ್ರು. ಯಾಕ ಹಚ್ಚಿಟ್ಟೀರಿ ಯವ್ವಾ?"

"ಪ್ರವಚನದಾಗಿಂದ ನಡಬರಕ ಏಳಬಾರದು, ಮಂಗಳ ಆಗೂ ತನಕ ಕುಂದರಬೇಕು ಅಂತ ನಮ್ಮತ್ತಿ ಕಲಿಸ್ಯಾಳಪ್ಪ. ಮಠದಾಗಾದ್ರ ಒಂದು ತಾಸಿಗೆ ಮಂಗಳ ಆಗ್ತದ. ಈ ಟಿವಿಯಾಗ..." ಭಾಗಮ್ಮ ದನಿ ತಗ್ಗಿಸಿದರು. "ಮಂಗಳನೇ ಆಗವಲ್ದು! ಒಬ್ರು ಮುಗಸಿದ್ರ ಇನ್ನೊಬ್ರು ಚಾಲೂ ಮಾಡ್ತಾರ. ನಾ ಹ್ಯಾಂಗ ಆರಸ್ಲಿ? ಮಗಳ ಲೈವ್‌ಗೆ ಗದ್ದಲ ಆಗಬಾರದು ಅಂತ ದನಿ ತೆಗದೀನಿ. ಎದುರಿಗೆ ಅಡ್ಡಾಡಿದ್ರ ಅಗೌರವ ಅಂತ ವಸ್ತ್ರ ಹೊಚ್ಚೀನಿ."

ಗೋವರ್ಧನನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆಲದ ಮೇಲೇ ಕುಳಿತುಬಿಟ್ಟ.

"ಯವ್ವಾ, ಕಂಪನಿಯವರು ನಳ ದೊಡ್ಡದು ಮಾಡ್ಯಾರ, ಟಾಕಿ ಮೊದಲಿನಷ್ಟೇ ಇಟ್ಟಾರ. ಸ್ಪೀಡ್ ಹೆಚ್ಚಾದ ಕೂಡ್ಲೇ ಟಿವಿ ತಾನಾಗೇ ದೊಡ್ಡ ಚಿತ್ರ ಎಳಕೊಳ್ತದ. ಮೊದಲು ತಿಂಗಳ ತುಂಬ ಬರ್ತಿದ್ದ ಕೋಟಾ ಈಗ ಅರ್ಧಕ್ಕೇ ಖಾಲಿ."

ಭಾಗಮ್ಮನ ಮುಖ ಬಿಳಿಚಿತು. "ಅಂದ್ರ... ನನ್ನ ಮಗಳ ಲೈವ್ ನಾನೇ ಹಾಳ್ ಮಾಡ್ದೆನೇನು?"

"ನೀವಲ್ರಿ, ಅದನ್ನ ಮುಚ್ಚಿಟ್ಟು ಮಾರಿದವರು."

"ಆಕಿಗೆ ಹೇಳಬ್ಯಾಡೋ ಯಪ್ಪಾ! ಆಕಿ ಹೆಪ್ಪುಗಟ್ಟಿದ ಚಿತ್ರ ನೋಡಿ ಹ್ಯಾಂಗ ಅತ್ತಾಳ ನಂಗ ಗೊತ್ತು. ನಾ ಆಕಿಗೆ ಹ್ಯಾಂಗ ಮುಖ ತೋರಸ್ಲಿ?"

ಹಿಟ್ಟು ಮೆತ್ತಿದ ಆ ಕೈಗಳು ಅವನ ಕೈ ಹಿಡಿದಿದ್ದವು. ಕೊಹಿನೂರ ಎಂಬ ತನ್ನ ಹಳ್ಳಿಯ ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವ ಗಂಗುಬಾಯಿಯ ಕೈ ನೆನಪಾಯಿತು.

"ಮಾತು ಕೊಟ್ಟೀನ್ರಿ ಯವ್ವಾ. ನನ್ನ ಬಾಯಿಂದ ಹೊರಗ ಬರಂಗಿಲ್ಲ."

ಅವನು ಪ್ರವಚನ ನಿಲ್ಲಿಸಲಿಲ್ಲ. ಚಿತ್ರವನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಸಣ್ಣದು ಮಾಡಿ, ವಸ್ತ್ರವನ್ನು ಮೊದಲಿದ್ದಂತೆಯೇ ಹೊದಿಸಿದ. "ಬಟ್ಟಿ ಒಳಗ ಚಿತ್ರ ಯಾರು ನೋಡ್ತಾರ? ಶರಣರ ಮಾತೂ ಕಡಿಯಂಗಿಲ್ಲ, ಕೋಟಾನೂ ಉಳೀತದ."

ವಿದ್ಯಾವತಿ ಧಡಧಡ ಮೆಟ್ಟಿಲಿಳಿದು ಬಂದಳು. "ಏನ್ರಿ ಸಾಹೇಬ್ರ, ಕಳ್ಳರು ಸಿಕ್ಕರೇನು?"

ಗೋವರ್ಧನ ಭಾಗಮ್ಮನ ಕಡೆ ನೋಡಲಿಲ್ಲ. "ಇಲ್ರಿ. ಸೆಟ್ಟಿಂಗ್ ಹೆಚ್ಚುಕಮ್ಮಿ ಆಗಿತ್ತು. ಒಂದನೇ ತಾರೀಖಿನಿಂದ ಸರಿ ಆಗ್ತದ."

*

ಸರಿಯಾಯಿತು. ಹೊಸ ತಿಂಗಳು ಬಂದದ್ದೇ ತಡ, ಲೈವ್ ಚಿಗರಿಯಂತೆ ಓಡತೊಡಗಿತು!

ದಿನಾ ಕಾಮೆಂಟುಗಳ ನಡುವೆ ಗೋವರ್ಧನನ ಒಂದು ಸಾಲು ಬರುತ್ತಿತ್ತು. *ಲೈನ್ ಸರಿ ಅದರಿ.* ಅಷ್ಟೇ. ಆ ಸಾಲು ಕಂಡರೆ ಸಾಕು, ವಿದ್ಯಾವತಿಯ ದನಿಗೆ ಎಲ್ಲಿಂದಲೋ ಒಂದು ಕುಣಿತ ಬರುತ್ತಿತ್ತು. 'ಇವತ್ತು ಯಾಕ ಇನ್ನೂ ಬಂದಿಲ್ಲ...' ಎಂದು ಕಣ್ಣು ತಾನಾಗಿಯೇ ಹುಡುಕುತ್ತಿತ್ತು.

ಒಂದು ದಿನ ಅವಳೇ ಫೋನು ಮಾಡಿದಳು.

"ದಿನಾ ಲೈವ್ ನೋಡ್ತೀರಿ, ಒಂದು ಸೀರಿನೂ ತಗೊಂಡಿಲ್ಲ. ಎಂಥಾ ಗಿರಾಕಿರಿ ನೀವು?"

"ಲೈನ್ ಚೆಕ್ ಮಾಡಾಕ ನೋಡ್ತೀನ್ರಿ."

"ಬರೇ ಲೈನಾ?"

ಆ ಕಡೆ ಕುರ್ಚಿಯೊಂದು ಕಿರ್ರೆಂದಿತು.

"...ಬರೇ ಲೈನ್ ಅಲ್ರಿ."

ಅವಳು ಫೋನನ್ನು ಕೆನ್ನೆಗೊತ್ತಿಕೊಂಡು ಸೀರೆಗಳ ರಾಶಿಯ ಮೇಲೆ ಧೊಪ್ಪನೆ ಬಿದ್ದಳು. ದೇವರೇ! ಈ ಮನುಷ್ಯನಿಗಾ ನಾ ಡಬ್ಬಿ ಬಿಸಾಕಿದ್ದು?

ಆದರೆ ತಿಂಗಳು ಅರ್ಧಕ್ಕೆ ಬರುತ್ತಲೇ ಓಣಿಯ ಉಳಿದ ಮನೆಗಳಲ್ಲಿ ಮತ್ತೆ ಅದೇ ಗೋಳು. ಪರೀಕ್ಷೆಗೆ ಓದುತ್ತಿದ್ದ ಮಕ್ಕಳ ಫೋನಿನ ಪಾಠ ನಿಂತಿತು. ಪಕ್ಕದ ಮನೆಯ ಫರ್ಹೀನ್ ಆನ್‌ಲೈನಿನಲ್ಲಿ ಮೆಹಂದಿ ಕಲಿಸುತ್ತಿದ್ದಳು. ಅವಳ ಕ್ಲಾಸಿನಲ್ಲಿ ಕೈಯೊಂದೇ ಕಾಣುತ್ತಿತ್ತು, ಗೆರೆ ಮುಂದೆ ಹೋಗುತ್ತಿರಲಿಲ್ಲ. ಪೂರ್ತಿ ಸ್ಪೀಡು ಬೇಕಿದ್ದರೆ ದುಬಾರಿ ಪ್ಲಾನು ತಗೊಳ್ಳಿ ಎಂದು ಕಂಪನಿಯಿಂದ ಮೆಸೇಜು ಬೇರೆ!

"ಸುಮ್ಮ ಕುಂತ್ರ ಇವರು ನಮ್ಮ ತಲಿ ಮ್ಯಾಲೇ ಟವರ್ ನಿಂದರಸ್ತಾರ. ನಡೀರಿ ಹುಮನಾಬಾದಿಗೆ!" ವಿದ್ಯಾವತಿ ಓಣಿಯ ಹೆಂಗಸರನ್ನು ತನ್ನ ಮನೆಯಲ್ಲೇ ಸೇರಿಸಿದಳು.

ಎಲ್ಲರೂ ಹೌದು ಹೌದು ಎಂದರು. ಫರ್ಹೀನ್ ಮಾತ್ರ ಸುಮ್ಮನಿದ್ದಳು. ಉಳಿದವರು ಎದ್ದು ಹೋದ ಮೇಲೆ ಬಾಯಿ ಬಿಟ್ಟಳು.

"ವಿದ್ಯಾ, ಬುರಾ ಅನ್ಕೋಬ್ಯಾಡ. ಎಲ್ಲಾರ ಮನ್ಯಾಗ ನೆಟ್ ಬಂದ್. ನಿಮ್ಮನ್ಯಾಗ ಒಂದೇ ಹ್ಯಾಂಗ ಓಡಾಕತ್ತದ?"

"ಅಂದ್ರ?"

"ಆ ನೀಲಿ ಶರ್ಟಿನವ ನಿನ್ನ ಮ್ಯಾಲ ದಿಲ್ ಇಟ್ಟು ಬ್ಯಾರೇನೇ ಲೈನ್ ಕೊಟ್ಟಾನ ಅಂತ ಓಣಿ ತುಂಬ ಮಾತು. ಲೀಡರ್ ಆಕಿನೇ, ಕಂಪನಿ ಸೊಸಿನೂ ಆಕಿನೇ ಅಂತಾರ."

ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಅಲ್ಲೇ ಗೋವರ್ಧನನಿಗೆ ಫೋನು ಹಚ್ಚಿದಳು.

"ಖರೇ ಹೇಳ್ರಿ. ನಮ್ಮನಿ ನೆಟ್ಟಿಗೆ ಏನ್ ಮಾಡೀರಿ?"

"ಕೆಟ್ಟದ್ದೇನೂ ಮಾಡಿಲ್ರಿ..."

"ಮತ್ತ ಹೇಳ್ರಿ!"

"ಅದನ್ನ... ನಾ ಹೇಳಾಕ ಆಗಂಗಿಲ್ರಿ ವಿದ್ಯಾವತಿ."

"ಲಂಚ ಅದು! ನನ್ನ ಬಾಯಿ ಮುಚ್ಚಾಕ ಸ್ಪೀಡಿನ ಲಂಚ ಕೊಟ್ರಿ! ನಾನೂ ಹುಚ್ಚಿ, ಅದನ್ನ..." ಪ್ರೀತಿ ಎಂಬ ಮಾತು ಹೊರಬರುವ ಮೊದಲೇ ಫೋನು ಕಟ್ ಮಾಡಿದಳು. ಆ ಸಂಜೆ ಲೈವ್‌ನಲ್ಲಿ ಆ ಸಾಲು ಬಂತು. ಅವಳು ಅದನ್ನು ನೋಡದವಳಂತೆ ಸೀರೆ ಮಡಿಚಿದಳು...

*

ಪಂಚಮಿ ಹತ್ತಿರ ಬಂದಿತ್ತು. ಟೆಂಪೋ ತುಂಬ ಹೆಂಗಸರು ಹುಮನಾಬಾದಿಗೆ ಬಂದಿಳಿದರು. "ನಾನೂ ಬರ್ತೀನಿ" ಎಂದು ಹಟ ಹಿಡಿದು ಭಾಗಮ್ಮನೂ ಬಂದಿದ್ದರು.

"ಕೋಟಾ ಮುಚ್ಚಿಟ್ಟ ಕಂಪನಿಗೆ..."

"ಧಿಕ್ಕಾರ! ಧಿಕ್ಕಾರ!"

ವಿದ್ಯಾವತಿಯ ಫೋನಿನಲ್ಲಿ ಎಲ್ಲವೂ ಲೈವ್! ಸೀರೆ ನೋಡಲು ಬಂದವರು ಹೋರಾಟ ನೋಡುತ್ತಾ ಕುಳಿತಿದ್ದರು. ಮ್ಯಾನೇಜರ್ ಸಂಜೀವಕುಮಾರ ಟೈ ಸರಿಮಾಡಿಕೊಳ್ಳುತ್ತಾ ಹೊರಬಂದ. ಅವನ ಹಿಂದೆ ಗೋವರ್ಧನ.

ಅವನನ್ನು ಕಂಡದ್ದೇ ಅವಳ ನೋವೆಲ್ಲ ಬೆಂಕಿಯಾಯಿತು. ಫೋನನ್ನು ನೇರವಾಗಿ ಅವನ ಮುಖಕ್ಕೆ ಹಿಡಿದಳು.

"ನೋಡ್ರಿ ಇವರನ್ನ! ಓಣಿಗೆಲ್ಲ ಕತ್ತಲಿ, ನನ್ನ ಮನಿಗೊಂದೇ ದೀಪ ಹಚ್ಚಿದ ದೊಡ್ಡ ಮನುಷ್ಯ! ನನ್ನನ್ನ ಕೊಂಡ್ಕೊಳ್ಳಾಕ ಬಂದಿದ್ರು. ಹೌದೋ ಅಲ್ಲೋ, ಹೇಳ್ರಿ!"

ಗೋವರ್ಧನ ತಲೆ ತಗ್ಗಿಸಿ ನಿಂತ. ಕಣ್ಣಂಚು ಕೆಂಪಾಗಿತ್ತು.

"ಬಾಯಿ ಬಿಡ್ರಿ! ಯಾರ ಸಲುವಾಗಿ ಸುಮ್ಮ ನಿಂತೀರಿ?"

"ನನ್ನ ಸಲುವಾಗಿ!"

ಗುಂಪು ಸೀಳಿಕೊಂಡು ಭಾಗಮ್ಮ ಮುಂದೆ ಬಂದರು. ಸೆರಗು ಜಾರಿತ್ತು.

"ಆ ಹುಡುಗನ್ನ ಬಿಡವ್ವಾ... ಕೋಟಾ ತಿಂದಾಕಿ ನಾನು. ಮಂಗಳ ಆಗಲಿಲ್ಲ ಅಂತ ಹಗಲೂ ರಾತ್ರಿ ಪ್ರವಚನ ಹಚ್ಚಿಟ್ಟಿದ್ದೆ. ಅಂವ ಲೈನ್ ಕೊಟ್ಟಿಲ್ಲ, ಏನೂ ಕೊಟ್ಟಿಲ್ಲ. ಟಿವಿ ಚಿತ್ರ ಸಣ್ಣದು ಮಾಡ್ಯಾನ, ಅಷ್ಟೇ. ನಿನಗ ಹೇಳಬ್ಯಾಡ ಅಂತ ನಾನೇ ಮಾತು ತಗೊಂಡಿದ್ದೆ!"

ಧಿಕ್ಕಾರಕ್ಕೆ ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

ಮ್ಯಾನೇಜರ್ ಚಪ್ಪಾಳೆ ತಟ್ಟಿದ. "ಕೇಳಿದ್ರಾ? ಮನ್ಯಾಗ ಇವರೇ ಖಾಲಿ ಮಾಡೋದು, ಬೀದ್ಯಾಗ ನಮ್ಮನ್ನ ಕಳ್ಳರು ಅನ್ನೋದು! ನಡೀರಿ, ನಡೀರಿ ಮನಿಗೆ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿದ್ಯಾವತಿ ಗೋವರ್ಧನನ ಕಡೆ ತಿರುಗಿದಳು. 'ಸೋತೆನೇ? ಅವನನ್ನೂ ಕಳಕೊಂಡೆನೇ?' ಅವ್ವನ ಮುಖ ನೋಡಿದಳು. ಅಪರಾಧಿಯಂತೆ ಬಾಗಿದ ಆ ತಲೆ! ಪ್ರವಚನ ಕೇಳಿದ್ದು ಅಪರಾಧವೇ? ಅವಳೊಳಗೆ ಏನೋ ಭುಗಿಲೆದ್ದಿತು.

"ತಿಂದಾಳ! ಏನೀಗ?" ಅವಳ ದನಿಗೆ ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ. "ಅನ್‌ಲಿಮಿಟೆಡ್ ಅಂತ ಎಲಿ ಹಾಕಿ ಬಡಿಸಿದವರು ಯಾರು? ಹೊಟ್ಟಿ ತುಂಬ ಉಣ್ರಿ ಅಂತ ಕರ್ದು ನಾಲ್ಕನೇ ತುತ್ತಿಗೆ ಎಲಿ ಎಳಕೊಳ್ಳಾವ್ರು ನೀವು! ನಮ್ಮವ್ವ ನಾಚಬೇಕೇನು, ನೀವು ನಾಚಬೇಕೋ?"

"ಖರೇ ಅದ!" ಫರ್ಹೀನ್ ಕೂಗಿದಳು. ಗುಂಪು ಗುಡುಗಿತು.

ಆಗ ಗೋವರ್ಧನ ತಲೆ ಎತ್ತಿದ. ನೇರವಾಗಿ ಫೋನಿನ ಎದುರು ಬಂದು ನಿಂತ.

"ಸ್ಪೀಡ್ ಡಬಲ್ ಆಗ್ಯದ, ಕೋಟಾ ಡಬಲ್ ಆಗಿಲ್ಲ. ಅದಕ್ಕೇ ಎಲ್ಲಾರದೂ ಅರ್ಧ ತಿಂಗಳಿಗೆ ಖಾಲಿ ಆಗಾಕತ್ತದ. ಆಮೇಲೆ ದುಬಾರಿ ಪ್ಲಾನ್ ತಗೋರಿ ಅಂತ ಮೆಸೇಜ್ ಕಳಿಸೋದು. ಮಿತಿ ದೊಡ್ಡ ಅಕ್ಷರದಾಗ ಬರೀರಿ ಅಂತ ನಾ ಹೇಳಿದ್ದೆ. ಬರ್ದ್ರ ಯಾರು ತಗೋತಾರ ಅಂದ್ರು ಸಾಹೇಬ್ರು."

"ಗೋವರ್ಧನ! ನಾಳಿಂದ ಆಫೀಸಿನ ಕಡೆ ಬರಬ್ಯಾಡ!"

"ನಾಳೆ ಯಾಕ್ರಿ?" ಅವನು ಕೊರಳ ಕಾರ್ಡು ತೆಗೆದು ಮ್ಯಾನೇಜರನ ಕೈಯಲ್ಲಿಟ್ಟ. "ಇವತ್ತೇ ಹೊಂಟೀನಿ."

ಸಾವಿರಾರು ಕಣ್ಣು ಆ ಲೈವ್ ನೋಡುತ್ತಿದ್ದವು. ಮ್ಯಾನೇಜರನ ಫೋನು ಬಡಿದುಕೊಳ್ಳತೊಡಗಿತು. ಮೇಲಿನವರದ್ದು! ಸಂಜೆಯೊಳಗೆ ಅನ್‌ಲಿಮಿಟೆಡ್ ಎಂಬ ಮಾತನ್ನು ಬಣ್ಣ ಬಳಿದು ಮುಚ್ಚಿದರು. ಎಂಟುನೂರು ಎಂಬುದು ಗೋಡೆಯಷ್ಟು ದೊಡ್ಡದಾಯಿತು. ಈ ತಿಂಗಳು ಯಾರ ಸ್ಪೀಡೂ ಇಳಿಸುವುದಿಲ್ಲ, ಬರುವ ತಿಂಗಳಿಂದ ಅದೇ ರೇಟಿಗೆ ಕೋಟಾ ಡಬಲ್ ಎಂದು ಬರೆದು ಕೊಟ್ಟರು.

ಹೆಂಗಸರು ಕುಣಿದರು. ವಿದ್ಯಾವತಿ ಮಾತ್ರ ಗುಂಪಿನಲ್ಲಿ ಒಂದು ನೀಲಿ ಶರ್ಟು ಹುಡುಕುತ್ತಿದ್ದಳು. ಅವನು ಯಾವಾಗಲೋ ಹೋಗಿಬಿಟ್ಟಿದ್ದ...

*

"ಕೊಹಿನೂರದ ಮಡೆಪ್ಪನ ಮಗನಂತ ಅಂವ. ಕುರಿ ಕಾಯೋರು," ಮರುದಿನ ಮುಂಜಾನೆ ಬಸವಣಪ್ಪ ಚಹಾದ ಬಟ್ಟಲಿನೊಳಗೆ ನೋಡುತ್ತಾ ಅಂದರು. ಮಗಳ ಊದಿದ ಕಣ್ಣು ಅವರಿಗೂ ಕಂಡಿತ್ತು.

"ಏನಂದ್ರಿ?" ಭಾಗಮ್ಮ ಒಲೆಯ ಮುಂದಿನಿಂದ ಎದ್ದೇ ಬಂದರು. "ನಮ್ಮನ್ಯಾಗ ಹಗಲೂ ರಾತ್ರಿ ಶರಣರ ಮಾತು ನಡದದ. ಕುಲ ನೋಡ್ರಿ ಅಂತೇನು ಅದರಾಗ ನೀವು ಕೇಳಿಸ್ಕೊಂಡಿದ್ದು?"

"ನೀ ದನಿ ಬಂದ್ ಮಾಡಿಟ್ಟಿದ್ದಿ, ನಂಗ ಹ್ಯಾಂಗ ಕೇಳಸ್ಬೇಕು?" ಬಸವಣಪ್ಪ ಗೊಣಗಿದರು. ಆದರೆ ಆ ಗೊಣಗಿನಲ್ಲಿ ಬಿಗಿ ಇರಲಿಲ್ಲ.

ವಿದ್ಯಾವತಿ ಅವನಿಗೆ ಎಷ್ಟೋ ಸಲ ಫೋನು ಹಚ್ಚಿದಳು. ಸ್ವಿಚ್ ಆಫ್!

ಸಂಜೆ ಏಳಾಯಿತು. ಪಂಚಮಿಯ ಮುನ್ನಾದಿನದ ಲೈವ್! ಇಷ್ಟು ಜನ ಎಂದೂ ಬಂದಿರಲಿಲ್ಲ. ಅವಳು ಸೀರೆ ಎತ್ತಲಿಲ್ಲ. ಬರಿಗೈಯಲ್ಲಿ ನಿಂತಳು.

"ವ್ಯಾಪಾರ ಆಮೇಲೆ ಅಕ್ಕಗೋಳ್ರ್ಯಾ... ನಿನ್ನೆ ಒಬ್ಬ ಮನುಷ್ಯನ್ನ ನಿಮ್ಮೆಲ್ಲಾರ ಮುಂದ ಅಂದೆ. ಎಲ್ಲಾರ ಮುಂದ ಅಂದು, ಮೂಲ್ಯಾಗ ನಿಂತು ತಪ್ಪಾತು ಅನ್ನೋದು ನ್ಯಾಯ ಅಲ್ಲ. ಅದಕ್ಕ ಇಲ್ಲೇ ಹೇಳ್ತೀನಿ. ಗೋವರ್ಧನ ಅವರೇ, ತಪ್ಪಾತ್ರಿ. ನಮ್ಮವ್ವನ ಮಾನ ಉಳಸಾಕ ನಿಮ್ಮ ಮಾನ ಕೊಟ್ರಿ. ಅದನ್ನ ನಾ ಲಂಚ ಅಂದೆ..."

ಅಂಗೈಯಿಂದ ಕಣ್ಣೊರೆಸಿಕೊಂಡಳು. ಕಾಮೆಂಟುಗಳು ಹೊಳೆಯಂತೆ ಹರಿಯುತ್ತಿದ್ದವು. *ಅಳಬ್ಯಾಡ ತಂಗಿ! ಆ ಹುಡುಗ ಎಲ್ಲಿದಾನ? ಯಾರಾರ ಕರ್ಕೊಂಡು ಬರ್ರೋ!*

"ಲೈವ್ ಬಂದ್ ಮಾಡ್ರಿ."

ಅಂಗಡಿಯ ಬಾಗಿಲಲ್ಲಿ ಅವನು! ನೀಲಿ ಶರ್ಟಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಪಂಚಮಿಗೆ ಅವ್ವನಿಗೊಂದು ಸೀರಿ ತಗೊಂಡು ಹೋಗೂನು ಅಂತ ಬಂದಿದ್ದೆ," ಅವನು ಹೊಸ್ತಿಲು ದಾಟಿ ಬಂದ. "ಆದ್ರ ಮೊದಲು ಒಂದು ಮಾತು ಹೇಳೂದದ. ಅದು ಇಷ್ಟು ಮಂದಿಗಲ್ಲ, ನಿಮಗೊಬ್ಬರಿಗೇ."

"ಬಂದ್? ಪಂಚಮಿ ವ್ಯಾಪಾರದಾಗ ಲೈವ್ ಬಂದ್?" ಅಂಗಡಿಯ ಗಾದಿಯಿಂದ ಬಸವಣಪ್ಪ ದಡಬಡಿಸಿ ಎದ್ದರು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಒದ್ದೆ ಕಣ್ಣು ನೋಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, ದುಂಡು ಲೈಟಿನ ಮುಂದೆ ತಾವೇ ಹೋಗಿ ನಿಂತರು!

"ಸರಿ ಆ ಕಡೆ. ಹೋಗು, ಕೇಳಿ ಬಾ ಏನಂತಾನ."

"ಅಪ್ಪಾಜಿ! ನಿಮಗ ಲೈವ್..."

"ಸೀರಿ ಮಾರೋದು ನಂಗ ಕಲಸ್ತೀಯೇನು? ನಡಿ!"

ಇಬ್ಬರೂ ಮಾಳಿಗೆಯ ಮೆಟ್ಟಿಲ ಮೇಲೆ ನಿಂತರು. ನಡುವೆ ಒಂದೇ ಮೆಟ್ಟಿಲ ಅಂತರ. ಒಳಗಿನಿಂದ ಬಸವಣಪ್ಪನವರ ದನಿ ಕೇಳುತ್ತಿತ್ತು: "ಏ ನೋಡ್ರ್ಯವ್ವಾ, ಇದು ಸೀರಿ... ಹಸರು ಅದ... ಭಾಳ ಚಲೋ ಅದ... ತಗೋರಿ ಅಂದ್ರ ತಗೋರಿ!"

ವಿದ್ಯಾವತಿ ಅಳುತ್ತಲೇ ನಕ್ಕಳು. ಗೋವರ್ಧನನೂ ನಕ್ಕ.

"ನಾ ಕುರಿ ಕಾಯೋರ ಮನಿ ಹುಡುಗ. ಈಗ ನೌಕರಿನೂ ಇಲ್ಲ."

"ಗೊತ್ತದ."

"ನಿಮ್ಮಷ್ಟು ಮಾತಾಡಾಕೂ ಬರಂಗಿಲ್ಲ."

"ಅದೂ ಗೊತ್ತದ. ನಿನ್ನೆ ನಿಮ್ಮ ಮೌನಕ್ಕ ಜೀವ ಹೋಗಿತ್ತು ನನ್ನದು..."

ಅವನು ಒಂದು ಮೆಟ್ಟಿಲು ಮೇಲೆ ಬಂದ. ಈಗ ಅಂತರವೇ ಉಳಿಯಲಿಲ್ಲ.

"ನಿಮ್ಮ ಮ್ಯಾಲ ನಂಗ ಭಾಳ ಜೀವ ಅದ, ವಿದ್ಯಾ."

ಅವಳು ಕಣ್ಣು ಮುಚ್ಚಿದಳು. "ಇನ್ನೊಮ್ಮೆ ಹೇಳ್ರಿ."

"ಯಾಕ, ಕೇಳಸ್ಲಿಲ್ಲೇನು?"

"ಕೇಳಸ್ತು," ಅವಳು ಅವನ ಅಂಗಿಯ ತೋಳು ಬಿಗಿಯಾಗಿ ಹಿಡಿದುಕೊಂಡಳು. "ಆದ್ರೂ ಇನ್ನೊಮ್ಮೆ ಬೇಕಾಗ್ಯದ."